ಹಂಚಿನ ಕಾರ್ಖಾನೆಯ ಜಾಗದಲ್ಲಿ ಸಂಶೋಧನಾ ಪಾರ್ಕ್: ನಕ್ಷೆಗೆ ಮೊದಲು ಮೂವರು ಪ್ರಾಧ್ಯಾಪಕರು

ಪ್ರಶ್ನೆ: ಮಂಗಳೂರಿನ ಜೆಪ್ಪು ಮತ್ತು ಬೋಳಾರದ ನಡುವೆ ನೇತ್ರಾವತಿಯ ದಂಡೆಯಲ್ಲಿ ನಮ್ಮ ಕುಟುಂಬದ ಸುಮಾರು ಆರು ಎಕರೆ ಜಾಗವಿದೆ. ಅಜ್ಜನ ಕಾಲದ ಹಂಚಿನ ಕಾರ್ಖಾನೆ ನಿಂತು ಹದಿನೈದು ವರ್ಷವಾಯಿತು. ಪಾಲುದಾರರು ಐದು ಮಂದಿ. ಬಿಲ್ಡರುಗಳು ಫ್ಲ್ಯಾಟ್ ಕಟ್ಟೋಣ ಎಂದು ಬೆನ್ನು ಬಿದ್ದಿದ್ದಾರೆ. ಅಮೆರಿಕದಲ್ಲಿ ಓದಿ ಬಂದ ತಮ್ಮನ ಮಗಳು ಮಾತ್ರ, ಅಲ್ಲಿ ನದಿ ದಂಡೆಯ ಹಳೆಯ ಕಾರ್ಖಾನೆಗಳನ್ನು ವಿಶ್ವವಿದ್ಯಾನಿಲಯಗಳ ಜತೆಗೂಡಿ ಸಂಶೋಧನೆ ಮತ್ತು ಉದ್ಯಮಗಳ ತಾಣ ಮಾಡಿದ್ದಾರೆ, ನಾವೂ ಮಾಡಬಹುದು ಎನ್ನುತ್ತಾಳೆ. ಇದು ಆಗುವ ಮಾತೇ? ಆಗುವುದಾದರೆ ಎಲ್ಲಿಂದ ಶುರು ಮಾಡಬೇಕು?

ಉತ್ತರ: ಆಗುವ ಮಾತೇ. ಆದರೆ ಇಂಥ ಯೋಜನೆಗಳು ನಮ್ಮೂರಲ್ಲಿ ಸಾಮಾನ್ಯವಾಗಿ ಹಿಂದುಮುಂದಾಗಿ ಶುರುವಾಗುತ್ತವೆ. ನಗರ ಯೋಜನೆಯ ಕೆಲಸದಲ್ಲಿ ಮೂವತ್ತು ವರ್ಷ ಕಳೆದ ನಾನು ಕಂಡ ಪರಿಪಾಠ ಹೀಗಿದೆ: ಮೊದಲು ಆರ್ಕಿಟೆಕ್ಟ್ ಬರುತ್ತಾರೆ. ಗಾಜಿನ ಕಟ್ಟಡ, ಅದರ ಮುಂದೆ ಹುಲ್ಲುಹಾಸು, ನೀರಿನಲ್ಲಿ ಬಿಳಿಯ ಹಾಯಿದೋಣಿ ಇರುವ ದೊಡ್ಡದೊಂದು ಬಣ್ಣದ ಚಿತ್ರ ತಯಾರಾಗುತ್ತದೆ. ಅದಕ್ಕೆ ಚೌಕಟ್ಟು ಹಾಕಿ ಗೋಡೆಗೆ ತೂಗುಹಾಕುತ್ತಾರೆ. ಮೂರು ಮಳೆಗಾಲ ಕಳೆಯುವಷ್ಟರಲ್ಲಿ ಚಿತ್ರಕ್ಕೆ ಬೂಸಲು ಹಿಡಿಯುತ್ತದೆ, ಜಾಗದಲ್ಲಿ ಕಾಡು ಬೆಳೆದಿರುತ್ತದೆ. ಆರ್ಕಿಟೆಕ್ಟರಿಗೆ ಕೊಡಲು ಮುಂಗಡ ತೆಗೆದಿರಿಸಿದ್ದರೆ ಅದು ಸದ್ಯಕ್ಕೆ ಬ್ಯಾಂಕಿನಲ್ಲೇ ಇರಲಿ. ನಿಮಗೆ ಮೊದಲು ಬೇಕಾದವರು ಮೂವರು ಪ್ರಾಧ್ಯಾಪಕರು. ವಾರಕ್ಕೆ ಎರಡು ದಿನವಾದರೂ ತಮ್ಮ ಪ್ರಯೋಗಾಲಯ ಬಿಟ್ಟು ನಿಮ್ಮ ಶೆಡ್ಡಿಗೆ ಬಂದೇ ತೀರಬೇಕಾದ ಕಾರಣ ಅವರಿಗಿರಬೇಕು. ಅಂಥ ಮೂವರು ಸಿಗದಿದ್ದರೆ ನೀವು ಕಟ್ಟುವುದು ಬಾಡಿಗೆ ಕಚೇರಿಯಾಗುತ್ತದೆ, ಹೆಸರು ಮಾತ್ರ ಸಂಶೋಧನಾ ಪಾರ್ಕ್ ಎಂದಿರುತ್ತದೆ.

ನಿಮ್ಮ ತಮ್ಮನ ಮಗಳು ಹೇಳಿದ್ದು ಬಹುಶಃ ಪಿಟ್ಸ್‌ಬರ್ಗಿನ ಕತೆ. ಮೊನಾಂಗಹೀಲ ನದಿಯ ದಂಡೆಯಲ್ಲಿ ಉಕ್ಕಿನ ಕೆಲಸಕ್ಕೆ ಕಲ್ಲಿದ್ದಲು ಬೇಯಿಸಿ ಕೋಕ್ ಎಂಬ ಇಂಧನ ಮಾಡುತ್ತಿದ್ದ ದೊಡ್ಡ ಕಾರ್ಖಾನೆಯೊಂದು 1998ರಲ್ಲಿ ಮುಚ್ಚಿತು. 178 ಎಕರೆಯ ಆ ಜಾಗಕ್ಕೆ ಈಗ ಹೇಝಲ್‌ವುಡ್ ಗ್ರೀನ್ ಎಂದು ಹೆಸರು. ಅಲ್ಲಿದ್ದ ಉದ್ದನೆಯ ಗಿರಣಿಯೊಂದರ ಉಕ್ಕಿನ ಅಸ್ಥಿಪಂಜರವನ್ನು ಕೆಡವದೆ ಉಳಿಸಿಕೊಂಡು, ಅದರ ಹೊಟ್ಟೆಯೊಳಗೆ ಹೊಸ ಕಟ್ಟಡಗಳನ್ನು ಕೂರಿಸಿ, ಮೇಲೆ ಸೌರಫಲಕಗಳನ್ನು ಹಾಸಿದರು. ಅದೇ ಮಿಲ್ 19. ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದ ಉತ್ಪಾದನಾ ತಂತ್ರಜ್ಞಾನ ಮತ್ತು ರೋಬೋಟಿಕ್ಸ್ ಸಂಶೋಧಕರು 2019ರಲ್ಲಿ ಅಲ್ಲಿಗೆ ಬಂದರು. ನೋಡಲು ಬಹಳ ಚೆಂದ. ಆದರೆ ನಡುವಿನ ಒಂದು ಇಸವಿಯನ್ನು ಗಮನಿಸಿ: ಸ್ಥಳೀಯ ದತ್ತಿ ಸಂಸ್ಥೆಗಳು ಸೇರಿ ಆ ಜಾಗ ಕೊಂಡದ್ದು 2002ರಲ್ಲಿ. ಮೊದಲ ಸಂಶೋಧಕ ಬಾಗಿಲು ತೆರೆಯುವ ಹೊತ್ತಿಗೆ ಹದಿನೇಳು ವರ್ಷ ಉರುಳಿತ್ತು. ಅಷ್ಟು ಕಾಲ ಆ ದತ್ತಿಗಳಿಗೆ ಯಾರೂ ತಿಂಗಳ ಬಡ್ಡಿ ಕೇಳಲಿಲ್ಲ.

ಫಿಲಡೆಲ್ಫಿಯದಲ್ಲಿ ಷೂಲ್‌ಕಿಲ್ ನದಿಯ ಪಕ್ಕ ಡುಪಾಂಟ್ ಕಂಪೆನಿಯ ಹಳೆಯ ಪ್ರಯೋಗಾಲಯವಿದ್ದ 23 ಎಕರೆಯನ್ನು ಪೆನ್ಸಿಲ್ವೇನಿಯ ವಿಶ್ವವಿದ್ಯಾನಿಲಯವೇ 2010ರಲ್ಲಿ ಕೊಂಡುಕೊಂಡಿತು. ಅಲ್ಲಿನ ಪೆನ್ನೊವೇಶನ್ ಕೇಂದ್ರ ತೆರೆದದ್ದು 2016ರಲ್ಲಿ. ಸ್ವೀಡನ್ನಿನ ಗೋಥೆನ್‌ಬರ್ಗಿನಲ್ಲಿ ಹಡಗು ಕಟ್ಟುವ ಉದ್ಯಮ ಎಪ್ಪತ್ತರ ದಶಕದಲ್ಲಿ ಕುಸಿದಾಗ ಖಾಲಿಯಾದ ಲಿಂಡ್‌ಹೋಲ್ಮನ್ ಎಂಬ ನದಿ ದಂಡೆಯಲ್ಲಿ ಇಂದು ಚಾಲ್ಮರ್ಸ್ ತಾಂತ್ರಿಕ ವಿಶ್ವವಿದ್ಯಾನಿಲಯದ ಒಂದು ಇಡೀ ಕ್ಯಾಂಪಸ್ಸೇ ಇದೆ. 2000ದಲ್ಲಿ ಅಲ್ಲಿ ವಿಜ್ಞಾನ ಪಾರ್ಕ್ ಶುರುವಾಯಿತು. ನಗರದ ಮಧ್ಯದಿಂದ ಅಲ್ಲಿಗೆ ವಿದ್ಯಾರ್ಥಿಗಳು ದೋಣಿಯಲ್ಲೇ ನದಿ ದಾಟುತ್ತಾರೆ.

ಇವನ್ನೆಲ್ಲ ಹೇಳಿದ್ದಕ್ಕೆ ಕಾರಣವಿದೆ. ಪಿಟ್ಸ್‌ಬರ್ಗಿನಲ್ಲಿ ಜಾಗ ಹಿಡಿದುಕೊಂಡಿದ್ದವರು ದತ್ತಿಗಳು, ಫಿಲಡೆಲ್ಫಿಯದಲ್ಲಿ ಸ್ವತಃ ವಿಶ್ವವಿದ್ಯಾನಿಲಯ. ಲಾಭಕ್ಕಾಗಿ ಕಾಯುವ ಒಂದು ಕುಟುಂಬ ಆ ಕತೆಗಳಲ್ಲಿಲ್ಲ. ನಿಮ್ಮದು ಐದು ಪಾಲುದಾರರ ಕುಟುಂಬ. ಒಬ್ಬರ ಮಗಳ ಮದುವೆ, ಇನ್ನೊಬ್ಬರ ಬೈಪಾಸ್ ಶಸ್ತ್ರಚಿಕಿತ್ಸೆ, ಮತ್ತೊಬ್ಬರಿಗೆ ಮುಂಬಯಿಯಲ್ಲಿ ಫ್ಲ್ಯಾಟಿನ ಕಂತು. ಹದಿನೇಳು ವರ್ಷ ಕಾಯಿರಿ ಎಂದು ಇವರಿಗೆ ಹೇಳುವ ಧೈರ್ಯ ನನಗಿಲ್ಲ, ನಿಮ್ಮ ತಮ್ಮನ ಮಗಳಿಗೂ ಇರಬಾರದು. ಆದ್ದರಿಂದ ನನ್ನ ಮೊದಲ ಸಲಹೆಯೇ ನಿಮಗೆ ಸ್ವಲ್ಪ ನಿರಾಸೆ ತರಬಹುದು: ಆರು ಎಕರೆಯನ್ನೂ ಸಂಶೋಧನೆಗೆ ಕೊಡಬೇಡಿ. ರಸ್ತೆಯ ಕಡೆಯ ಎರಡು ಎಕರೆ ಕುಟುಂಬಕ್ಕೆ ಆದಾಯ ತರಲಿ. ಅಲ್ಲಿ ಬೇಕಾದರೆ ವಸತಿಯೂ ಆಗಲಿ, ಅಂಗಡಿಗಳೂ ಆಗಲಿ. ಆ ಬಾಡಿಗೆಯ ಬಲದಿಂದ ನದಿಯ ಕಡೆಯ ನಾಲ್ಕು ಎಕರೆ ಅವಸರವಿಲ್ಲದೆ ಬೆಳೆಯಲಿ.

ಇನ್ನು ಆ ನಾಲ್ಕು ಎಕರೆಗೆ ಬರಬೇಕಾದವರು ಯಾರು? ಕರಾವಳಿಯನ್ನು ಸಿಲಿಕಾನ್ ಬೀಚ್ ಎಂದು ಕರೆಯುವುದು ಈಗ ರೂಢಿಯಾಗಿದೆ. ಸಾಫ್ಟ್‌ವೇರ್ ಬರಲಿ, ಬೇಡ ಎನ್ನುವವನು ನಾನಲ್ಲ. ಆದರೆ ಕಂಪ್ಯೂಟರಿನ ಮುಂದೆ ಕೂರುವವನಿಗೆ ನದಿ ಕಿಟಕಿಯ ಹೊರಗಿನ ನೋಟ ಅಷ್ಟೇ. ದೇರೇಬೈಲಿನಲ್ಲಿ ಕೂತರೂ ಅವನ ಕೆಲಸ ನಡೆಯುತ್ತದೆ. ನದಿ ಇಲ್ಲದೆ ಯಾರ ಕೆಲಸ ನಡೆಯುವುದಿಲ್ಲವೋ ಅವರನ್ನು ಹುಡುಕಿ. ಭಾಗ್ಯಕ್ಕೆ ಅಂಥವರು ನಿಮಗೆ ಹತ್ತಿರದಲ್ಲೇ ಇದ್ದಾರೆ. ಎಕ್ಕೂರಿನಲ್ಲಿ ಮೀನುಗಾರಿಕಾ ಕಾಲೇಜು 1969ರಿಂದ ಇದೆ. ಈಗ ಅದು ಬೀದರಿನ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾನಿಲಯಕ್ಕೆ ಸೇರಿದ್ದು. ನಿಮ್ಮ ಜಾಗದಿಂದ ಆಟೋದಲ್ಲಿ ಹೋಗುವಷ್ಟು ದೂರ. ಇನ್ನೊಂದು ದಿಕ್ಕಿನಲ್ಲಿ ಬಂದರಿನ ದಕ್ಕೆ. ಸಿಗಡಿ, ಏಡಿ, ಮರುವಾಯಿ (ಚಿಪ್ಪುಮೀನು) ಸಾಕಣೆ, ಮೀನಿನ ತ್ಯಾಜ್ಯದಿಂದ ಏನೇನು ತೆಗೆಯಬಹುದು, ದೋಣಿಯಿಂದ ಗಿರಾಕಿಯವರೆಗೆ ಮಂಜುಗಡ್ಡೆ ಕಡಿಮೆ ಬಳಸಿ ಮೀನು ಕೆಡದಂತೆ ಹೇಗೆ ಸಾಗಿಸಬಹುದು, ಇವೆಲ್ಲ ಇಲ್ಲೇ ಮಾಡಬೇಕಾದ ಸಂಶೋಧನೆಗಳು.

ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಜಲ ಸಂಪನ್ಮೂಲ ಮತ್ತು ಸಾಗರ ಎಂಜಿನಿಯರಿಂಗಿಗೆ ಪ್ರತ್ಯೇಕ ವಿಭಾಗವಿದೆ, ಲೋಹ ಮತ್ತು ಇತರ ವಸ್ತುಗಳ ಎಂಜಿನಿಯರಿಂಗಿಗೆ ಇನ್ನೊಂದು. 1960ರಲ್ಲಿ ಕೆಆರ್‌ಇಸಿ ಎಂಬ ಪ್ರಾದೇಶಿಕ ಎಂಜಿನಿಯರಿಂಗ್ ಕಾಲೇಜಾಗಿ ಹುಟ್ಟಿದ ಆ ತಾಂತ್ರಿಕ ಸಂಸ್ಥೆಗೆ ತನ್ನದೇ ಕಡಲ ತೀರ ಇದೆ, ಆದರೆ ಅಳಿವೆ ಇಲ್ಲ. ನೇತ್ರಾವತಿಯೂ ಗುರುಪುರ ಹೊಳೆಯೂ ಕೂಡಿ ಸಮುದ್ರ ಸೇರುವ ಅಳಿವೆ ಬಾಗಿಲು ನಿಮ್ಮ ಜಾಗದಿಂದ ಕೆಳಕ್ಕೆ ಸ್ವಲ್ಪವೇ ದೂರ. ಉಪ್ಪು ನೀರಿನಲ್ಲಿ ಕಬ್ಬಿಣ ಹೇಗೆ ತುಕ್ಕು ಹಿಡಿಯುತ್ತದೆ, ಹೂಳು ಎಲ್ಲಿ ಕೂರುತ್ತದೆ ಎಂದು ವರ್ಷಪೂರ್ತಿ ಅಳೆಯಬೇಕಾದವನಿಗೆ ನಿಮ್ಮ ಹಳೆಯ ಜೆಟ್ಟಿಯೇ ಪ್ರಯೋಗಾಲಯ. ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯ, ದೇರಳಕಟ್ಟೆಯ ವೈದ್ಯಕೀಯ ಸಂಸ್ಥೆಗಳು ಸೇತುವೆಯ ಆಚೆಗಿವೆ. ಎಲ್ಲರ ಬಾಗಿಲನ್ನೂ ತಟ್ಟಿ. ಆದರೆ ಕುಲಪತಿಗಳ ಕೋಣೆಗೆ ಹೋಗಿ ಒಡಂಬಡಿಕೆಗೆ ಸಹಿ ಹಾಕಿಸಿ, ಶಾಲು ಹೊದೆಸಿ ಫೋಟೊ ತೆಗೆಸಿಕೊಂಡು ಬರುವುದರಿಂದ ಕೆಲಸ ಶುರುವಾಗುವುದಿಲ್ಲ. ಪ್ರಯೋಗಾಲಯದಲ್ಲಿ ತೊಟ್ಟಿ ಸಾಲದೆ, ಜಾಗ ಸಾಲದೆ ಗೊಣಗುತ್ತಿರುವ ಪ್ರಾಧ್ಯಾಪಕ ಯಾರು ಎಂದು ವಿಚಾರಿಸಿ. ನಿಮಗೆ ಬೇಕಾದವರು ಅವರು.

ಈಗ ಜಾಗದ ಮಾತು. ಇಲ್ಲಿ ನನಗಾದ ಒಂದು ಅನುಭವ ಹೇಳಬೇಕು. ಕೆಲವು ವರ್ಷಗಳ ಹಿಂದೆ ಗುರುಪುರ ಹೊಳೆಯ ದಂಡೆಯಲ್ಲಿ ಮುಚ್ಚಿದ ಹಂಚಿನ ಕಾರ್ಖಾನೆಯೊಂದರ ಅಂಗಳದಲ್ಲಿ ಗುಂಡಿ ತೋಡಿಸುತ್ತಿದ್ದೆವು. ಮೇಲೆ ಒಂದಡಿ ಮುರಕಲ್ಲಿನ ಮಣ್ಣು. ಅದರ ಕೆಳಗೆ ಜೆಸಿಬಿಯ ಹಲ್ಲಿಗೆ ಕರಕರ ಎಂದು ಸಿಕ್ಕಿದ್ದು ಒಡೆದ ಹಂಚು. ಎರಡಡಿ, ನಾಲ್ಕಡಿ, ಎಂಟಡಿ ಹೋದರೂ ಹಂಚೇ. ನಡುನಡುವೆ ಹಂಚು ಸುಡುವ ಗೂಡಿನ ಬೂದಿಯ ಬೆಳ್ಳನೆಯ ಪಟ್ಟಿಗಳು. ಅದೂ ಮುಗಿದ ಮೇಲೆ ಕೊಳೆತ ಮೊಟ್ಟೆಯ ವಾಸನೆಯ ಕಪ್ಪು ಕೆಸರು. ನಾವು ಊಟ ಮುಗಿಸಿ ಬರುವಷ್ಟರಲ್ಲಿ ಭರತ (ಸಮುದ್ರದ ಉಬ್ಬರ) ಏರಿ ಗುಂಡಿಯಲ್ಲಿ ಮೊಣಕಾಲುದ್ದ ನೀರು ನಿಂತಿತ್ತು, ಒಂದು ಪುಟ್ಟ ಏಡಿ ಹಂಚಿನ ಚೂರು ಹತ್ತಿ ಕೂತಿತ್ತು. ನಕ್ಷೆಯಲ್ಲಿ ಅದೇ ಜಾಗಕ್ಕೆ ನೆಲದಡಿಯ ಪಾರ್ಕಿಂಗ್ ಬರೆದಿದ್ದರು. ಪಕ್ಕದಲ್ಲಿ ನಿಂತಿದ್ದ ಹಳೆಯ ಮೇಸ್ತ್ರಿಯೊಬ್ಬರು ನಗುತ್ತ ಹೇಳಿದರು: "ಇದು ನೆಲ ಎಲ್ಲಿ? ಹೊಳೆಯೇ ಇದ್ದದ್ದು. ಒಡೆದ ಹಂಚು ಹಾಕಿ ಹಾಕಿ ಅಂಗಳ ಮಾಡಿದವರು ನಾವೇ."

ಆ ಒಂದು ಮಾತಿನಲ್ಲಿ ಎರಡು ತೊಡಕುಗಳಿವೆ. ಒಂದು ಅಡಿಪಾಯದ್ದು. ಒಡೆದ ಹಂಚಿನ ಭರ್ತಿಯ ಮೇಲೆ, ಅದರಡಿಯ ಮೆತ್ತನೆಯ ಕೆಸರಿನ ಮೇಲೆ ಭಾರದ ಕಟ್ಟಡ ನಿಲ್ಲಬೇಕಾದರೆ ಗಟ್ಟಿ ಪದರದವರೆಗೆ ಪೈಲ್ (ಉದ್ದನೆಯ ಆಧಾರ ಕಂಬ) ಇಳಿಸಬೇಕು. ಖರ್ಚಿನ ಲೆಕ್ಕವೇ ಬದಲಾಗುತ್ತದೆ. ಇನ್ನೊಂದು ಅದಕ್ಕಿಂತ ದೊಡ್ಡದು: ಹೊಳೆಯನ್ನು ತುಂಬಿಸಿ ಮಾಡಿದ ನೆಲ ನಿಮ್ಮದೇ? ಸರ್ವೆ ಕಲ್ಲಿನಿಂದಾಚೆಗಿನದು ಸರ್ಕಾರದ ಪೊರಂಬೋಕು. ನೀವು ಆರು ಎಕರೆ ಎನ್ನುತ್ತಿರುವುದು ಬೇಲಿಯ ಅಳತೆಯೋ ದಾಖಲೆಯ ಅಳತೆಯೋ ನೋಡಿ. ಹಳೆಯ ಜೆಟ್ಟಿಯ ಕಲ್ಲುಗಳೂ ಹೆಚ್ಚಾಗಿ ನಿಮ್ಮ ಗಡಿಯ ಹೊರಗೇ ಇರುತ್ತವೆ. ದಾಖಲೆಗಳನ್ನು ಬಿಚ್ಚಿ ಕೂರುವಾಗ ಮೂಲಗೇಣಿಯನ್ನೂ, ಅಂದರೆ ಹಿಂದಿನ ಕಾಲದ ಶಾಶ್ವತ ಗೇಣಿಯನ್ನೂ, ಮರೆಯಬೇಡಿ. ನಮ್ಮ ಜಿಲ್ಲೆಯಲ್ಲಿ ಹಳೆಯ ಕಾರ್ಖಾನೆಗಳ ಜಾಗದಲ್ಲಿ ಒಂದಿಷ್ಟು ಸೆಂಟ್ಸಾದರೂ ಯಾವುದೋ ಮನೆತನದಿಂದ, ದೇವಸ್ಥಾನದಿಂದ ಮೂಲಗೇಣಿಗೆ ಪಡೆದದ್ದಾಗಿರುವುದು ಅಪರೂಪವಲ್ಲ. ಮೂಲಗೇಣಿದಾರರಿಗೆ ಒಡೆತನ ಕೊಡಲು 2011ರ ಕಾಯಿದೆಯೇ ಇದೆ, ಅದರ ಸುತ್ತ ವ್ಯಾಜ್ಯಗಳೂ ಇವೆ. ಯಾವ ವಿಶ್ವವಿದ್ಯಾನಿಲಯದ ಕಾನೂನು ಅಧಿಕಾರಿಯೂ ಇದು ಇತ್ಯರ್ಥವಾಗದೆ ಕಡತ ಮುಂದಕ್ಕೆ ಕಳುಹಿಸುವುದಿಲ್ಲ. ನಿಮ್ಮದು ತಾಯಿಯ ಕಡೆಯಿಂದ ಆಸ್ತಿ ಇಳಿಯುವ ಅಳಿಯಸಂತಾನದ ಕುಟುಂಬವಾಗಿದ್ದರೆ ಕವರುಗಳ (ಕುಟುಂಬದ ಶಾಖೆಗಳ) ಪಾಲುಪಟ್ಟಿಯನ್ನೂ ಹೊರಗೆ ತೆಗೆಯಬೇಕಾದೀತು.

ಮುಂದಿನದು ಕರಾವಳಿ ನಿಯಂತ್ರಣ ವಲಯ, ಎಲ್ಲರೂ ಸಿಆರ್‌ಝಡ್ ಎಂದು ಹೆದರುವಂಥದ್ದು. ಹೆದರುವ ಅಗತ್ಯವಿಲ್ಲ, ಓದುವ ಅಗತ್ಯವಿದೆ. ಸಮುದ್ರದ ಭರತ ತಲುಪುವ ನದಿಗಳ ದಂಡೆಗೂ ಇದು ಅನ್ವಯಿಸುತ್ತದೆ. 2011ರ ಅಧಿಸೂಚನೆಯಲ್ಲಿ ಭರತ ರೇಖೆಯಿಂದ 100 ಮೀಟರ್ ಅಥವಾ ಹೊಳೆಯ ಅಗಲ, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಎಂದಿತ್ತು. 2019ರ ಅಧಿಸೂಚನೆ ಅದನ್ನು 50 ಮೀಟರಿಗೆ ಇಳಿಸಿತು. ನಿಮ್ಮ ಜಾಗ ಅನುಮೋದಿತ ನಕ್ಷೆಯಲ್ಲಿ ಯಾವ ವರ್ಗದಲ್ಲಿದೆ, ರೇಖೆ ಎಲ್ಲಿ ಹಾಯುತ್ತದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ನಗರದೊಳಗಿನ ಎರಡನೆಯ ವರ್ಗವಾಗಿದ್ದರೆ, ಈಗಿರುವ ಅಧಿಕೃತ ಕಟ್ಟಡಗಳ ಅಥವಾ ರಸ್ತೆಯ ನೆಲದ ಬದಿಯಲ್ಲಿ (ನೀರಿಗೆ ವಿರುದ್ಧ ಬದಿಯಲ್ಲಿ) ಕಟ್ಟಲು ದಾರಿಯಿದೆ. ಇಲ್ಲೇ ನಿಮ್ಮ ಹಳೆಯ ಶೆಡ್ಡುಗಳ ಬೆಲೆ ಗೊತ್ತಾಗುವುದು. ನೀರಿನ ಅಂಚಿನ ಶೆಡ್ಡನ್ನು ಅವಸರದಲ್ಲಿ ಕೆಡವಿದರೆ ಆ ಆಧಾರವನ್ನೇ ಕೈಯಾರೆ ಕಳೆದುಕೊಂಡಂತೆ. ಬಿಲ್ಡರು "ಮೊದಲು ಜಾಗ ಕ್ಲೀನ್ ಮಾಡಿಸುವ" ಎಂದರೆ ಒಪ್ಪಬೇಡಿ. ಅಂದಹಾಗೆ, ನೀರಿನ ಅಂಚೇ ಬೇಕಾದ ಚಟುವಟಿಕೆಗಳನ್ನು ಈ ನಿಯಮಗಳು ಬೇರೆಯಾಗಿಯೇ ಪರಿಗಣಿಸುತ್ತವೆ. ಮೀನಿನ ಮರಿ ಉತ್ಪಾದನೆ ಅಂಥದ್ದೊಂದು. ನದಿ ಬೇಕಾದವರನ್ನೇ ಕರೆಯಿರಿ ಎಂದು ಮೇಲೆ ಹೇಳಿದ್ದಕ್ಕೆ ಇದೂ ಒಂದು ಕಾರಣ. ಮಾಸ್ಟರ್ ಪ್ಲ್ಯಾನಿನಲ್ಲಿ ಜಾಗ ಕೈಗಾರಿಕೆ ಎಂದಿದ್ದರೆ ಭೂ ಬಳಕೆ ಬದಲಾವಣೆಗೆ ಮುಡಾಕ್ಕೆ (ಮಂಗಳೂರು ನಗರಾಭಿವೃದ್ಧಿ ಪ್ರಾಧಿಕಾರಕ್ಕೆ) ಅರ್ಜಿ ಹಾಕಬೇಕು. ಅದು ಸಮಯ ತಿನ್ನುವ ಕೆಲಸ, ಕಷ್ಟದ್ದಲ್ಲ.

ಮಣ್ಣಿನ ವಿಷದ ವಿಚಾರದಲ್ಲಿ ನೀವು ಪಿಟ್ಸ್‌ಬರ್ಗಿನವರಿಗಿಂತ ಅದೃಷ್ಟವಂತರು. ಕೋಕ್ ಕಾರ್ಖಾನೆ ಬಿಟ್ಟುಹೋಗುವ ಡಾಂಬರು, ಸಯನೈಡ್ ಹಂಚಿನ ಕಾರ್ಖಾನೆಯಲ್ಲಿ ಇರುವುದಿಲ್ಲ. ಇಲ್ಲಿದ್ದದ್ದು ಜೇಡಿಮಣ್ಣು, ಸೌದೆ, ನೀರು. ಆದರೂ ಡೀಸೆಲ್ ಅಥವಾ ಫರ್ನೇಸ್ ಆಯಿಲ್ ಟ್ಯಾಂಕ್ ಎಲ್ಲಿತ್ತು, ಒತ್ತುಯಂತ್ರಗಳ ಕೀಲೆಣ್ಣೆ ಎಲ್ಲಿ ಸುರಿಯುತ್ತಿದ್ದರು, ಆಮೇಲೆ ಶೆಡ್ಡನ್ನು ಯಾರಿಗಾದರೂ ಗುಜರಿಗೋ ಬ್ಯಾಟರಿಗೋ ಬಾಡಿಗೆಗೆ ಕೊಟ್ಟಿದ್ದರೋ ಕೇಳಿ ತಿಳಿದುಕೊಂಡು ಆ ಮೂಲೆಗಳ ಮಣ್ಣನ್ನು ಪರೀಕ್ಷಿಸಿ. ಸಿಮೆಂಟ್ ಶೀಟಿನ ಮಾಡು ಇದ್ದರೆ ಅದರಲ್ಲಿ ಹೆಚ್ಚಾಗಿ ಶ್ವಾಸಕೋಶಕ್ಕೆ ಕೆಡುಕಾದ ಆಸ್ಬೆಸ್ಟಾಸ್ ಇರುತ್ತದೆ, ಸುತ್ತಿಗೆಯಿಂದ ಒಡೆಸಬೇಡಿ. ಕಲುಷಿತ ಜಾಗಗಳ ಬಗ್ಗೆ ಕೇಂದ್ರ ಸರ್ಕಾರ 2025ರಲ್ಲಿ ಪ್ರತ್ಯೇಕ ನಿಯಮಗಳನ್ನು ತಂದಿದೆ. ಕಲುಷಿತ ಎಂದು ಸಾಬೀತಾದರೆ ಶುದ್ಧೀಕರಣದ ಹೊಣೆ ಮಾಲಿನ್ಯ ಮಾಡಿದವರದು. ಬಾಡಿಗೆದಾರ ಮಾಡಿದ ಹೊಲಸಿಗೆ ನೀವು ಉತ್ತರ ಕೊಡುವಂತಾಗಬಾರದು ಎಂದಾದರೆ ಈಗಲೇ ಪರೀಕ್ಷಾ ವರದಿ ಮಾಡಿಸಿಟ್ಟುಕೊಳ್ಳುವುದು ಕ್ಷೇಮ.

ಶೆಡ್ಡುಗಳ ವಿಷಯ. ಬಾಸೆಲ್ ಮಿಶನ್ ಎಂಬ ಕ್ರೈಸ್ತ ಸಂಸ್ಥೆಯ ಪ್ಲೆಬ್ಸ್ಟ್ ಎಂಬ ಜರ್ಮನ್ ಮನುಷ್ಯ ಇದೇ ಜೆಪ್ಪುವಿನ ದಂಡೆಯಲ್ಲಿ 1865ರಲ್ಲಿ ಹಂಚಿನ ಕಾರ್ಖಾನೆ ಶುರುಮಾಡಿದಾಗ ಈ ನದಿಯೇ ಕಚ್ಚಾಮಾಲಿನ ದಾರಿ, ಇದೇ ಮಾರುಕಟ್ಟೆಯ ದಾರಿ. ಮೂರು ವರ್ಷಗಳಲ್ಲಿ ಆಲ್ಬುಕರ್ಕ್ ಕುಟುಂಬದ ಕಾರ್ಖಾನೆ ಬಂತು. ನಿಮ್ಮ ಅಜ್ಜನ ಕಾರ್ಖಾನೆಯೂ ಆ ಸಾಲಿನದೇ. ಒಂದು ಹಂಚನ್ನು ಕೆಳಗಿಳಿಸಿ ಮಗುಚಿ ನೋಡಿ: ಬೆನ್ನಿನಲ್ಲಿ ಕಾರ್ಖಾನೆಯ ಹೆಸರು, ಒಂದು ಪ್ರಾಣಿಯದೋ ನಕ್ಷತ್ರದ್ದೋ ಗುರುತು, ಒಣಗಿಸುವಾಗ ಕೂಲಿಯಾಳೊಬ್ಬಳ ಬೆರಳು ಒತ್ತಿದ ಗುಳಿ ಕೂಡ ಇದ್ದೀತು. ಹಂಚು ಒಣಗಿಸಲು ಕಟ್ಟಿದ ಆ ಎತ್ತರದ, ಗಾಳಿಯಾಡುವ ಶೆಡ್ಡು ಮಾದರಿ ತಯಾರಿಸುವ ಕೆಲಸಕ್ಕೆ, ತೊಟ್ಟಿ ಇಡುವುದಕ್ಕೆ, ಸಣ್ಣ ದೋಣಿ ಎಳೆದು ತಂದು ದುರಸ್ತಿ ಮಾಡುವುದಕ್ಕೆ ಹೇಳಿ ಮಾಡಿಸಿದಂತಿದೆ. ಧೂಳು ಬೀಳಬಾರದ ಜೈವಿಕ ಪ್ರಯೋಗಾಲಯಕ್ಕೆ ಆಗುವುದಿಲ್ಲ. ಅದಕ್ಕೆ ಮಿಲ್ 19ರ ಉಪಾಯವೇ ಸರಿ: ಹಳೆಯ ಮಾಡಿನಡಿ ಸಣ್ಣ, ಹಗುರ, ಮುಚ್ಚಿದ ಕೋಣೆಗಳು. ಹಗುರ ಎನ್ನುವುದು ಮುಖ್ಯ, ಕೆಳಗಿರುವ ಹಂಚಿನ ಭರ್ತಿ ನೆನಪಿರಲಿ. ನೆಲದ ಮಟ್ಟವನ್ನು ಮಾತ್ರ 1923 ಮತ್ತು 1974ರ ನೆರೆಗಳನ್ನು ನೆನಪಿಟ್ಟುಕೊಂಡು ನಿರ್ಧರಿಸಿ. ಬೆಲೆಬಾಳುವ ಯಂತ್ರ ಕೆಳಗಿನ ಅಂತಸ್ತಿನಲ್ಲಿ ಬೇಡ. ಬಾವಿಯ ನೀರು ಎಪ್ರಿಲ್ ಹೊತ್ತಿಗೆ ಉಪ್ಪಾಗುತ್ತದೆ. ಕಚೇರಿಯವರಿಗೆ ಅದು ಪೀಡೆ, ಏಡಿ ಸಾಕುವವರಿಗೆ ಬಂಡವಾಳ.

ಕರಾರಿನ ಬಗ್ಗೆ ಒಂದೇ ಮಾದರಿ ಹೇಳುತ್ತೇನೆ, ಅದು ದೂರದ್ದಲ್ಲ. 2010ರಲ್ಲಿ ಚೆನ್ನೈಯ ತರಮಣಿಯಲ್ಲಿ ಶುರುವಾದ ಐಐಟಿ ಮದ್ರಾಸ್ ಸಂಶೋಧನಾ ಪಾರ್ಕಿನಲ್ಲಿ ಜಾಗ ಪಡೆದ ಕಂಪೆನಿ ಬಾಡಿಗೆ ಕೊಟ್ಟರೆ ಸಾಲದು. ಐಐಟಿಯ ಪ್ರಾಧ್ಯಾಪಕರ ಜತೆ ಯೋಜನೆ, ವಿದ್ಯಾರ್ಥಿಗಳಿಗೆ ಕೆಲಸ ಕಲಿಯುವ ಅವಕಾಶ, ಹೀಗೆ ಒಡನಾಟಕ್ಕೆ ಅಂಕ ಗಳಿಸಬೇಕು. ನಿಮ್ಮ ಗೇಣಿ ಪತ್ರದಲ್ಲೂ ಅಂಥ ಷರತ್ತು ಇರಲಿ. ಇಲ್ಲದಿದ್ದರೆ ಐದನೇ ವರ್ಷಕ್ಕೆ ಯಾರೋ ಹೆಚ್ಚು ಬಾಡಿಗೆ ಕೊಡುವ ಕಾಲ್ ಸೆಂಟರ್ ಬಂದು ಕೂರುತ್ತದೆ, ಪಾಲುದಾರರಲ್ಲಿ ಮೂವರು ಖುಷಿಪಡುತ್ತಾರೆ, ನಿಮ್ಮ ತಮ್ಮನ ಮಗಳು ಅಮೆರಿಕಕ್ಕೆ ವಾಪಸು ಹೋಗುತ್ತಾಳೆ. ಜಾಗ ಮಾರಬೇಡಿ. ಐದು ಜನರೂ ಸೇರಿ ಒಂದೇ ಗೇಣಿ ಪತ್ರ ಕೊಡಿ, ನೋಂದಾಯಿಸಿ. ಮೊದಲ ಕಂತು ಚಿಕ್ಕದಾಗಿರಲಿ: ಒಂದು ಶೆಡ್ಡು, ಎರಡು ವರ್ಷ, ಕಡಿಮೆ ಬಾಡಿಗೆ, ಮೆಸ್ಕಾಂ ವಿದ್ಯುತ್ ಸಂಪರ್ಕ, ಗಟ್ಟಿ ನೆಲ, ಸೋರದ ಮಾಡು. ಅಲ್ಲಿ ಕೆಲಸ ನಡೆದರೆ ಎರಡನೇ ಶೆಡ್ಡಿನ ಖರ್ಚನ್ನು ಯಾರು ಹೊರುತ್ತಾರೆ ಎಂದು ಆಗ ಮಾತಾಡಬಹುದು.

ಮರುವಾಯಿ ಹೆಕ್ಕುವವರು ನಿಮ್ಮ ಜೆಟ್ಟಿಯ ಪಕ್ಕದಲ್ಲೇ ನೀರಿಗಿಳಿಯುತ್ತಿದ್ದರೆ ಆ ದಾರಿಯನ್ನು ಮುಚ್ಚಬೇಡಿ. ಬೇಲಿ ಹಾಕಿದ ಮರುದಿನದಿಂದ ನಿಮಗೆ ವಿರೋಧ ಶುರುವಾಗುತ್ತದೆ, ಅದು ನ್ಯಾಯವೂ ಹೌದು. ಮೇಲಾಗಿ, ಈ ನದಿಯ ಯಾವ ಮೂಲೆಯಲ್ಲಿ ಯಾವ ತಿಂಗಳು ನೀರು ಎಷ್ಟು ಉಪ್ಪು ಎಂದು ಅವರಿಗೆ ಗೊತ್ತಿರುವಷ್ಟು ನಿಮ್ಮ ಮೂವರು ಪ್ರಾಧ್ಯಾಪಕರಿಗೂ ಗೊತ್ತಿರಲಾರದು.

ಸದ್ಯಕ್ಕೆ ದುಡ್ಡಿಲ್ಲದೆ ಮಾಡಬಹುದಾದ ಕೆಲಸವೊಂದಿದೆ. ಬರುವ ಹುಣ್ಣಿಮೆಯ ದಿನ ಭರತ ಏರುವ ಹೊತ್ತಿಗೆ ಜೆಟ್ಟಿಯ ಹತ್ತಿರ ಹೋಗಿ. ನೀರು ಎಲ್ಲಿಯವರೆಗೆ ಬಂತೋ ಅಲ್ಲಿ ಒಂದು ಗೂಟ ಹೊಡೆದು, ದಿನಾಂಕ ಬರೆದು ಫೋಟೊ ತೆಗೆದಿಡಿ. ಆಷಾಢದಲ್ಲಿ ನದಿ ತುಂಬಿ ಹರಿಯುವಾಗ ಇನ್ನೊಂದು ಗೂಟ. ಹಳೆಯ ಮೇಸ್ತ್ರಿಗಳಲ್ಲಿ ಯಾರಾದರೂ ಉಳಿದಿದ್ದರೆ ಅವರನ್ನೂ ಕರೆದುಕೊಂಡು ಹೋಗಿ, ಅವರ ಕಾಲದಲ್ಲಿ ಹೊಳೆ ಎಲ್ಲಿತ್ತು ಎಂದು ಕೇಳಿ ಮೂರನೇ ಗೂಟ ಹೊಡೆಯಿರಿ. ಸರ್ವೆಯವರು ಬಂದಾಗ ಈ ಮೂರನ್ನೂ ತೋರಿಸಿ. ನಾನು ಬರುವುದಿದ್ದರೂ ಮೊದಲು ನೋಡುವುದು ಅವನ್ನೇ.